ಕೂತು ನೋಡಿದ ಮೋಟಾರು

ಬೇಲೆಕೇರಿ,
೪ ಆಗಸ್ಟ್ ೧೯೩೬

ಚಿ. ರಾಮನಾಥನಿಗೆ ಸೋಮು ಭಾವನ ಆಶೀರ್ವಾದ.

ನನ್ನ ಬಲಗೈ ರಟ್ಟೆಯೊಂದನ್ನು ಬಿಟ್ಟರೆ ಮನೆಯಲ್ಲಿ ಉಳಿದವರೆಲ್ಲ ಆರಾಮ. ರಟ್ಟೆ ಮಾತ್ರ ಈ ಮಳೆಗಾಲ ಸೋತಿದೆ. ಸಮುದ್ರ ಇಳಿಯುವ ಇಳತದ ಹೊತ್ತಿಗೆ ನೀರು, ಹೊಳೆ ಕಡಲು ಸೇರುವ ಅಳಿವೆ ಬಾಯಿಯ ಕಡೆಗೆ ಎಳೆಯುತ್ತದಲ್ಲ, ಆಗ ಆಚೆ ಅವರ್ಸಾ ದಂಡೆಗೆ ಜನ ದಾಟಿಸುವ ನಮ್ಮ ತಾರಿ ದೋಣಿಯ ಒಂದು ಬದಿಗೆ ನಾನು, ಇನ್ನೊಂದು ಬದಿಗೆ ಆಳು ಬೀರು ಹುಟ್ಟು ಹಾಕುತ್ತೇವೆ. ನನ್ನ ಬದಿ ಸೋಲುತ್ತದೆ, ದೋಣಿ ಮೂತಿ ತಿರುಗಿಸುತ್ತದೆ. ಬೀರು ನನಗಿಂತ ಎಂಟು ವರ್ಷ ದೊಡ್ಡವ. ನಾನು ಸೋತದ್ದು ಜನರಿಗೆ ಕಾಣಬಾರದೆಂದು ಅವನೂ ಮೆಲ್ಲಗೆ ಹಾಕುತ್ತಾನೆ. ಅದು ನನಗೆ ತಿಳಿಯುವುದಿಲ್ಲ ಎಂದುಕೊಂಡಿದ್ದಾನೆ.

ಕಳೆದ ವಾರ ಅಂಕೋಲೆಗೆ ಮುಂಬಯಿ ಕಂಪನಿಯ ಏಜೆಂಟನೊಬ್ಬ ಬಂದಿದ್ದ. ದೋಣಿಯ ಹಿಂಬದಿಗೆ ಕಚ್ಚಿಸುವ ಮೋಟಾರು ಬಂದಿದೆಯಂತೆ. ಅದರಲ್ಲಿ ಎರಡು ತರ. ಒಂದು ಪೆಟ್ರೋಲಿನದು. ಇನ್ನೊಂದು ಕರೆಂಟಿನದು, ಅದಕ್ಕೆ ಬಸ್ಸಿಗೆ ಇರುವಂಥ ಬ್ಯಾಟರಿ ಪೆಟ್ಟಿಗೆ. ಒಂದನ್ನು ತರಿಸುವುದೆಂದು ನಾನೂ ನಿನ್ನಕ್ಕ ಕಲಾವತಿಯೂ ನಿಶ್ಚಯ ಮಾಡಿದ್ದೇವೆ. ಯಾವುದು ಎಂಬುದು ಮಾತ್ರ ನಮ್ಮಿಂದಾಗದ ಕೆಲಸ. ಚಿತ್ರದ ಪುಸ್ತಕ ಇದರ ಜೊತೆಗಿಟ್ಟಿದ್ದೇನೆ. ಕಾರವಾರದಲ್ಲಿ ಕೋಡಿಬಾಗದ ವ್ಯಾಪಾರಿಯೊಬ್ಬನ ಹತ್ತಿರ ಎರಡನ್ನೂ, ದೋಣಿಯಲ್ಲಿ ಕೂತು ನೋಡಲಿಕ್ಕೆ ಇಟ್ಟಿದ್ದಾರಂತೆ. ನೀನು ಬಿ.ಎ. ಓದಿದವ, ಹೈಸ್ಕೂಲಿನಲ್ಲಿ ಕಲಿಸುವವ. ಹೋಗಿ ಕೂತು, ಹೊಳೆಯಲ್ಲಿ ಒಂದು ಸುತ್ತು ಹಾಕಿ, ಯಾವುದೆಂದು ಬರೆ. ನೀನು ಹೇಳಿದ್ದೇ ಆಗಲಿ.

ಚಿತ್ರವನ್ನು ಬೀರುವಿಗೆ ತೋರಿಸಿದೆ. ಬಹಳ ಹೊತ್ತು ನೋಡಿ ಒಂದೇ ಮಾತು ಕೇಳಿದ: "ಕೂತು ನೋಡ್ದವ್ರು ಯಾರು ಒಡೆಯಾ?"

ನಿನ್ನ ಭಾವ
ಸೋಮು


ಕಾರವಾರ,
೧೨ ಆಗಸ್ಟ್ ೧೯೩೬

ಭಾವನವರಿಗೆ ರಾಮನಾಥನ ನಮಸ್ಕಾರಗಳು.

ಕಾರವಾರದಲ್ಲಿ ನಾನೂ ನನ್ನ ಕೊಡೆಯೂ ಕ್ಷೇಮ. ಕೊಡೆಗೆ ಎರಡು ಎಲುಬು ಮುರಿದಿವೆ, ಆದರೂ ತಲೆ ಎತ್ತಿಕೊಂಡು ತಿರುಗುತ್ತಿದೆ.

ನಿಮ್ಮ ಅಪ್ಪಣೆಯಂತೆ ನಿನ್ನೆ ಕೋಡಿಬಾಗಕ್ಕೆ ಹೋಗಿ ಕಾಳಿ ಹೊಳೆಯಲ್ಲಿ ಎರಡೂ ಮೋಟಾರುಗಳ ಮೇಲೆ, ಅಂದರೆ ಎರಡೂ ಮೋಟಾರು ಕಟ್ಟಿದ ದೋಣಿಗಳಲ್ಲಿ ಕೂತು ನೋಡಿ ಬಂದೆ. ಪೆಟ್ರೋಲಿನದು ಕೆಮ್ಮುತ್ತದೆ, ಉಗುಳುತ್ತದೆ, ಹೊಗೆ ಬಿಡುತ್ತದೆ, ಎರಡು ಸಲ ಎಳೆದರೆ ಒಂದು ಸಲ ಮಾತಾಡುತ್ತದೆ. ನಮ್ಮ ಹೆಡ್ಮಾಸ್ತರರನ್ನು ದೋಣಿಯ ಹಿಂದೆ ಕಟ್ಟಿದ ಹಾಗೆ. ಕರೆಂಟಿನದೋ, ಗುಂಡಿ ತಿರುಗಿಸಿದರೆ ಸಾಕು, ನೀರಿಗೂ ಗೊತ್ತಾಗದಂತೆ ಹೊರಡುತ್ತದೆ. ನನ್ನ ಮಟ್ಟಿಗೆ ದೋಣಿಗೆ ಧ್ವನಿ ಇರಬಾರದು. ಕರೆಂಟಿನದೇ ಆಗಲಿ, ಕಣ್ಣು ಮುಚ್ಚಿ ತರಿಸಿರಿ. ನನ್ನ ತಲೆಯಲ್ಲಿರುವುದು ವಿದ್ವತ್ತು, ಅದರ ಪೆಟ್ಟಿಗೆಯಲ್ಲಿರುವುದು ವಿದ್ಯುತ್ತು. ವ್ಯತ್ಯಾಸ ಒಂದು ಒತ್ತು, ಒಂದು ಕೊಂಬು. ಆ ಕೊಂಬು ನನಗೂ ಇದೆ ಎಂದು ಅಕ್ಕ ಹೇಳುತ್ತಲೇ ಇರುತ್ತಾಳೆ.

ಇನ್ನು ಬೀರು. ಈ ಮೋಟಾರಿಗೆ ಒಬ್ಬ ಸಾಕು. ಹುಟ್ಟಿದಾಗಿನಿಂದ ಹುಟ್ಟು ಹಾಕಿದವನಿಗೆ ಪೆನ್ಶನ್ ಕೊಟ್ಟುಬಿಡಿ. ನಿಮ್ಮಲ್ಲಿದ್ದು ಅವರ್ಸಾ ಶಾಲೆಗೆ ಹೋಗುವಾಗ ಆಚೆ ದಂಡೆಯ ಕೆಸರಿನಲ್ಲಿ ನನ್ನನ್ನೂ ನನ್ನ ಪಾಟಿಚೀಲವನ್ನೂ ಬೆನ್ನ ಮೇಲೆ ಹೊತ್ತು ದಾಟಿಸುತ್ತಿದ್ದ. ಅವನಿಗೆ ಇನ್ನು ಕಾಲು ಚಾಚುವ ಕಾಲ. ಕೂತು ನೋಡಿದವರು ಯಾರು ಎಂದು ಕೇಳಿದನಲ್ಲ, ಸಾಕ್ಷಾತ್ ಅವನ ಸಣ್ಣೊಡೆಯ ರಾಮನಾಥನೇ ಕೂತು ನೋಡಿದ್ದಾನೆ ಎಂದು ಹೇಳಿರಿ.

ನಿಮ್ಮ
ರಾಮನಾಥ


ಕಾರವಾರ,
೧೮ ಅಕ್ಟೋಬರ್ ೧೯೩೬

ಭಾವನವರಿಗೆ,

ಮೋಟಾರು ನಿನ್ನೆ ಮುಂಬಯಿಯ ಆಗಬೋಟು ಹಡಗಿನಿಂದ ಇಳಿಯಿತು, ನಾಳೆ ಬಸ್ಸಿನ ತಲೆಯ ಮೇಲೆ ಕೂತು ನಿಮ್ಮಲ್ಲಿಗೆ ಬರುತ್ತದೆ. ಮದುಮಗನ ಹಾಗೆ ಹುಲ್ಲು ಹಾಸಿ ಕೂರಿಸಿದ್ದೇನೆ.

ಜೊತೆಗೆ ಬಂದ ಪುಸ್ತಿಕೆ ಇಂಗ್ಲಿಷಿನದು, ಇಪ್ಪತ್ತನಾಲ್ಕು ಪುಟ. ನಾನು ಅದರ ಸಾರವನ್ನಷ್ಟೇ ಹಿಂಡಿ ಬರೆಯುತ್ತೇನೆ, ಹಿಪ್ಪೆ ನಿಮಗೇಕೆ. ಗುಂಡಿ ಬಲಕ್ಕೆ ತಿರುಗಿಸಿದರೆ ಮುಂದೆ, ಎಡಕ್ಕೆ ತಿರುಗಿಸಿದರೆ ಹಿಂದೆ. ಬ್ಯಾಟರಿ ಪೆಟ್ಟಿಗೆಯ ತಲೆಯ ಮೇಲೆ ಆರು ಬಾಯಿ, ರಾವಣನಿಗಿಂತ ನಾಲ್ಕು ಕಡಿಮೆ. ಒಳಗೆ ನೀರು ಇಳಿದಾಗ ಆ ಬಾಯಿಗಳಿಗೆ ಅತ್ಯಂತ ಶುದ್ಧವಾದ ನೀರನ್ನು ಎರೆಯಬೇಕು. ಬಾವಿಯದು, ಹೊಳೆಯದು ಕೂಡದು. ಎಂಟು ದಿನಕ್ಕೊಮ್ಮೆ ಪೆಟ್ಟಿಗೆಯನ್ನು ಬಸ್ಸಿನಲ್ಲಿ ಇಲ್ಲಿಗೆ ಕಳಿಸಿರಿ. ಬಸ್ ಗ್ಯಾರೇಜಿನ ಬೊಮ್ಮು ಎಂಬವನು ಚಾರ್ಜು ಮಾಡಿ ತಿರುಗಿ ಕಳಿಸುತ್ತಾನೆ. ದೋಣಿ ಓಡಬೇಕಾದರೆ ಬಸ್ಸು ಓಡಬೇಕು. ಆಧುನಿಕ ಕಾಲವೆಂದರೆ ಇದೇ.

ಹೆಚ್ಚಿಗೆ ಬರೆಯಲು ಪುರುಸೊತ್ತಿಲ್ಲ, ಶಿಕ್ಷಕರ ಕ್ಲಬ್ಬಿನಲ್ಲಿ ನಾಟಕದ ತಾಲೀಮು.

ರಾಮನಾಥ


ಬೇಲೆಕೇರಿ,
೧ ನವೆಂಬರ್ ೧೯೩೬

ಚಿ. ರಾಮನಾಥನಿಗೆ,

ಮೋಟಾರು ಬಂತು. ಆಯುಧಪೂಜೆಯ ದಿನವೇ ಕಟ್ಟಿದೆ. ನೀನು ಬರೆದ ಹಾಗೇ ಸದ್ದಿಲ್ಲ. ತರಕಾರಿ ಬುಟ್ಟಿಯ ಹೆಂಗಸರು ದೋಣಿಗೆ ಯಾವುದೋ ಮೈಮೇಲೆ ಬಂದಿದೆ ಎಂದು ಮೊದಲ ದಿನ ಹತ್ತಲಿಲ್ಲ, ಮರುದಿನ ಹತ್ತಿದರು. ರಟ್ಟೆ ನೋವು ಇಳಿದಿದೆ. ಬೀರು ಆರಾಮ ಇದ್ದಾನೆ.

ಸೋಮು

ತಮ್ಮಾ, ನಾನು ನಿನ್ನಕ್ಕ ಬರೆಯುವುದು. ಶುದ್ಧ ನೀರಿನ ಚಿಂತೆ ನಿನಗೆ ಬೇಡ. ಬಾವಿಯದು ಬೇಡ ಅಂದೆಯಲ್ಲ. ದೇವರ ತಲೆಗೆ ಎರೆಯುವ ಎಳನೀರನ್ನೇ, ನೆಲಕ್ಕೆ ತಾಗಿಸದೆ ಹಗ್ಗ ಕಟ್ಟಿ ಇಳಿಸಿ, ಮಡಿಯಲ್ಲಿ ಆರು ಬಾಯಿಗೂ ಎರೆದಿದ್ದೇನೆ. ವಾರಕ್ಕೊಮ್ಮೆ ಎರೆಯುತ್ತೇನೆ.


ಕಾರವಾರ,
೧೫ ನವೆಂಬರ್ ೧೯೩೬

ಭಾವನವರಿಗೂ ಅಕ್ಕನಿಗೂ,

ಭಾವನ ಕಾಗದದಲ್ಲಿ ಭಾವದ ಅಭಾವ! ಆರು ಸಾಲಿನಲ್ಲಿ ಒಂದು ಯುಗಾಂತರವನ್ನು ಮುಗಿಸಿಬಿಟ್ಟಿರಲ್ಲ. ಸುಖದಲ್ಲಿರುವವರು ಕಡಿಮೆ ಬರೆಯುತ್ತಾರೆ ಎಂದು ಸಮಾಧಾನ ಮಾಡಿಕೊಂಡೆ.

ಅಕ್ಕಾ, ಎಳನೀರಿಗೆ ಶಾಭಾಸ್. ಅದಕ್ಕಿಂತ ಶುದ್ಧವಾದದ್ದು ಇಡೀ ಮುಂಬಯಿ ಇಲಾಖೆಯಲ್ಲಿ ಸಿಕ್ಕಲಿಕ್ಕಿಲ್ಲ. ಬ್ಯಾಟರಿಗೆ ಅಭಿಷೇಕ ಮಾಡಿದ ಮೊದಲ ಹೆಂಗಸು ನೀನು. ಇಲ್ಲಿ ಬೊಮ್ಮು ತಕರಾರು ಹೇಳುತ್ತಿದ್ದ, ನಿಮ್ಮ ಪೆಟ್ಟಿಗೆ ಈಚೆಗೆ ಶೇಂದಿಯ ಹಾಗೆ ಹುಳಿ ವಾಸನೆ ಹೊಡೆಯುತ್ತದಂತೆ, ಮೊದಲಿನ ಹಾಗೆ ಚಾರ್ಜು ಹಿಡಿಯುವುದಿಲ್ಲವಂತೆ. ಬೇಲೆಕೇರಿಯ ಪೆಟ್ಟಿಗೆಯಲ್ಲವೇ, ಸ್ವಲ್ಪ ಅಮಲು ಇರಬೇಕಾದದ್ದೇ ಎಂದು ಅವನ ಬಾಯಿ ಮುಚ್ಚಿಸಿದೆ.

ಕ್ಲಬ್ಬಿನಲ್ಲಿ ಕಳೆದ ಶನಿವಾರ "ದೋಣಿಯೂ ಧ್ವನಿಯೂ" ಎಂಬ ಹರಟೆ ಓದಿದೆ, ಕೋಡಿಬಾಗದಲ್ಲಿ ಮೋಟಾರು ಪರೀಕ್ಷಿಸಿದ ನನ್ನ ಸಾಹಸದ ಕಥೆ. ಬಿದ್ದು ಬಿದ್ದು ನಕ್ಕರು. ಬೀರು ಕಾಲು ಚಾಚಿ ಕೂತು ಏನು ಮಾಡುತ್ತಾನೆ? ಅದನ್ನೂ ಬರೆಯಿರಿ, ಇನ್ನೊಂದು ಹರಟೆಗೆ ಬೇಕು.

ರಾಮನಾಥ


ಕಾರವಾರ,
೮ ಡಿಸೆಂಬರ್ ೧೯೩೬
(ಕಾರ್ಡು)

ಭಾವನವರಿಗೆ,

ಮೂರು ವಾರವಾಯಿತು, ಕಾಗದವಿಲ್ಲ. ಎರಡು ವಾರದಿಂದ ಬಸ್ಸಿನಲ್ಲಿ ಪೆಟ್ಟಿಗೆಯೂ ಬಂದಿಲ್ಲ. ಮೋಟಾರಿನ ಹಾಗೆ ನೀವೂ ಸದ್ದು ಬಿಟ್ಟಿರೋ? ಅಕ್ಕನಿಗೆ ನಮಸ್ಕಾರ.

ರಾಮನಾಥ


ಬೇಲೆಕೇರಿ,
೧೬ ಡಿಸೆಂಬರ್ ೧೯೩೬

ಚಿ. ರಾಮನಾಥನಿಗೆ,

ನಿನ್ನ ಕಾಗದವೂ ಕಾರ್ಡೂ ಬಂದಿವೆ. ಉತ್ತರ ಬರೆಯಲು ಕೂತವ ಮೂರು ಸಲ ಎದ್ದು ಹೋದೆ. ನಿನ್ನಿಂದ ಮುಚ್ಚಿಟ್ಟ ಸಂಗತಿ ಒಂದಿದೆ, ಅದನ್ನು ಮೊದಲು ಹೇಳುತ್ತೇನೆ.

ಬೀರು ಆರಾಮ ಇದ್ದಾನೆ ಎಂದು ಬರೆದೆನಲ್ಲ, ದೋಣಿಯಲ್ಲಿ ಇದ್ದಾನೆ ಎಂದು ಬರೆಯಲಿಲ್ಲ. ಆಯುಧಪೂಜೆಯ ಮರುದಿನವೇ ಅವನನ್ನು ಬಿಡಿಸಿದೆ. ಒಬ್ಬ ಸಾಕು ಎಂದು ನೀನು ಬರೆದದ್ದು ನನಗೆ ನೆವವಾಯಿತು ಎಂದೇ ಇಟ್ಟುಕೋ. ಸೋತ ರಟ್ಟೆಯನ್ನು ದಿನಾ ಕಾಪಾಡುವವ ಎದುರಿಗೆ ಇಲ್ಲದಿದ್ದರೆ ಒಳ್ಳೆಯದು ಎಂದು ಮನಸ್ಸಿನ ಮೂಲೆಯಲ್ಲಿ ಇತ್ತು. ಬಾಯಿಬಿಟ್ಟು ಹೇಳಲಿಕ್ಕೆ ಧೈರ್ಯ ಬರಲಿಲ್ಲ. ನಮ್ಮ ಅಪ್ಪನ ಹೊನ್ನೆ ಮರದ ಹುಟ್ಟು ಇತ್ತಲ್ಲ, ಬೀರು ಮೂವತ್ತು ವರ್ಷ ಹಾಕಿದ್ದು, ಅದನ್ನು ಎತ್ತಿ ಅವನ ಕೈಗೆ ಕೊಟ್ಟೆ.

ನೀನು ಈ ತಾರಿಯಲ್ಲೇ ಬೆಳೆದವ, ನಿನಗೆ ಗೊತ್ತುಂಟು. ಹುಟ್ಟನ್ನು ನಾವು ಕೈಯಿಂದ ಕೈಗೆ ಕೊಡುವುದಿಲ್ಲ. ದೋಣಿಯಲ್ಲಿ ಇಡುತ್ತೇವೆ, ಮುಂದಿನವ ಎತ್ತಿಕೊಳ್ಳುತ್ತಾನೆ. ಕೈಗೆ ಕೊಟ್ಟರೆ ನಾಳೆಯಿಂದ ಬರಬೇಡ ಎಂದು ಅರ್ಥ. ಬೀರು ಹುಟ್ಟನ್ನು ನೋಡಿದ, ನನ್ನನ್ನು ನೋಡಿದ. "ಸಣ್ಣೊಡೆಯರು ಕೂತು ನೋಡಿದ್ರಾ?" ಎಂದ. ಹೌದು, ಬರೆದಿದ್ದಾನೆ ಎಂದೆ. "ಹಾಂಗಾರೆ ಆಯ್ತು" ಎಂದು ಹುಟ್ಟು ಹೆಗಲಿಗೆ ಹಾಕಿಕೊಂಡು ಆಚೆ ದಂಡೆಯ ತನ್ನ ಮನೆಗೆ ಹೋದ. ಆಮೇಲೆ ಈ ಬದಿಗೆ ಬರಲೇ ಇಲ್ಲ.

ಮುಂದಿನದು ನವೆಂಬರ್ ಕೊನೆಯ ವಾರದ ಸಂಗತಿ. ಅಂಕೋಲೆ ಸಂತೆಯ ದಿನ. ಬೆಳಿಗ್ಗೆ ಅವರ್ಸಾ ಬದಿಯಿಂದ ಹನ್ನೊಂದು ಹೆಂಗಸರು ಬದನೆ, ಸೌತೆ, ಬಸಳೆ ಬುಟ್ಟಿ ಹೊತ್ತು ಹತ್ತಿದರು. ಬೀರುವಿನ ಹೆಂಡತಿ ನಾಗಿಯೂ ಇದ್ದಳು. ಜೋರು ಇಳತ. ನಟ್ಟನಡುವೆ ಮೋಟಾರು ನಿಂತಿತು. ಗುಂಡಿ ಬಲಕ್ಕೆ ತಿರುಗಿಸಿದೆ, ಎಡಕ್ಕೆ ತಿರುಗಿಸಿದೆ, ಜಪ್ಪಯ್ಯ ಎಂದರೂ ಅಲುಗಲಿಲ್ಲ. ದೋಣಿಯಲ್ಲಿ ಒಂದು ಹುಟ್ಟೂ ಇರಲಿಲ್ಲ. ನನ್ನದನ್ನು ಅಟ್ಟಕ್ಕೆ ಹಾಕಿದ್ದೆ. ಮೋಟಾರು ಇರುವ ದೋಣಿಯಲ್ಲಿ ಹುಟ್ಟು ಕಂಡರೆ ನಗುತ್ತಾರೆ ಎಂದು. ನೀರು ಅಳಿವೆ ಬಾಯಿಗೆ ಎಳೆಯತೊಡಗಿತು. ಅಲ್ಲಿ ತೆರೆ ಮುರಿಯುವುದು ಬಿಳಿಯಾಗಿ ಕಾಣುತ್ತಿತ್ತು. ಮೊದಲು ಹೆಂಗಸರು ನನ್ನನ್ನು ಹಾಸ್ಯ ಮಾಡಿದರು. ಬುಟ್ಟಿಯ ತಟ್ಟೆ, ಅಕ್ಕಿ ಅಳೆಯುವ ಸಿದ್ದೆ, ಅಂಗೈ, ಸಿಕ್ಕಿದ್ದರಲ್ಲಿ ನೀರು ತಳ್ಳಿದರು. ಆಮೇಲೆ ಹಾಸ್ಯ ನಿಂತಿತು. ಒಬ್ಬಳು ತಾಳಿ ಕಣ್ಣಿಗೆ ಒತ್ತಿಕೊಂಡಳು. ನಾಗಿ ಮಾತ್ರ ದಂಡೆಯನ್ನೇ ನೋಡುತ್ತಿದ್ದಳು, ಗಂಡನನ್ನು ಕರೆಯಲಿಲ್ಲ. ಕರೆದರೆ ನನ್ನ ಮುಖ ಏನಾಗುತ್ತದೆ ಎಂದು ಕರೆಯಲಿಲ್ಲ, ಇದು ಆಮೇಲೆ ಗೊತ್ತಾದದ್ದು.

ಕರೆಯದೆಯೇ ಬೀರು ಬಂದ. ಯಾರದೋ ಸಣ್ಣ ಪಾತಿ ದೋಣಿ, ಕೈಯಲ್ಲಿ ನಾನು ಕೊಟ್ಟ ಅದೇ ಹುಟ್ಟು. ಹಗ್ಗ ಎಸೆದ. ಆ ಇಳತದ ಎದುರು ಒಬ್ಬನೇ ನಮ್ಮನ್ನು ಎಳೆದು ದಂಡೆಗೆ ಹಚ್ಚಿದ. ಹಗ್ಗ ಬಿಚ್ಚಿ, ಸುತ್ತಿ, ನನ್ನ ದೋಣಿಯಲ್ಲಿ ಇಟ್ಟ. ಹುಟ್ಟನ್ನು ಇಡಲಿಲ್ಲ, ಕಂಕುಳಲ್ಲಿ ಇಟ್ಟುಕೊಂಡು ಹೋದ. ನಾನು ಬಾ ಎಂದು ಕರೆಯಬೇಕಿತ್ತು, ಬಾಯಿ ಬರಲಿಲ್ಲ. ಈಗ ಒಬ್ಬನೇ ಗಳ ಹಾಕಿ, ನೀರು ನಿಂತ ಹೊತ್ತಿಗಷ್ಟೇ ತಾರಿ ನಡೆಸುತ್ತಿದ್ದೇನೆ. ಗದ್ದೆ ಕೊಯ್ಲಿನಲ್ಲಿ ಹೆಂಗಸರು ಹಾಡು ಕಟ್ಟಿದ್ದಾರೆ:

ಸದ್ದಿಲ್ಲದ ದೋಣಿ ಸಮುದ್ರಕ್ಕೆ ಹೊಂಟಿತು
ಬದನೆಯ ಸಂತೇಗೆ ಮೀನೇ ಗಿರಾಕಿ

ನಾನು ಆ ಗದ್ದೆಯ ಹಾದಿ ಬಿಟ್ಟಿದ್ದೇನೆ. ಅದೆಲ್ಲ ಇರಲಿ. ನಿನ್ನಕ್ಕ ಎರಡು ವಾರದಿಂದ ಸರಿಯಾಗಿ ಉಂಡಿಲ್ಲ. ತನ್ನ ಎಳನೀರಿನಿಂದಲೇ ಹೀಗಾಯಿತೋ, ಹನ್ನೊಂದು ಜನರ ಪ್ರಾಣ ತನ್ನ ಕೈಯಲ್ಲಿ ಹೋಗುತ್ತಿತ್ತೋ ಎಂದು ಕೇಳುತ್ತಲೇ ಇದ್ದಾಳೆ. ಕೋಡಿಬಾಗದಲ್ಲಿ ಕೂತು ನೋಡಿದವ ನೀನು. ನಿನಗೆ ಅದು ಚೆನ್ನಾಗಿ ಓಡಿದೆ. ಹಾಗಾದರೆ ತಪ್ಪು ನಮ್ಮದೇ ಇರಬೇಕು. ಏನು ತಪ್ಪಿದೆವು, ಬರೆ.

ಸೋಮು


ಕಾರವಾರ,
೨೦ ಡಿಸೆಂಬರ್ ೧೯೩೬

ಭಾವನವರಿಗೆ,

ನಿಮ್ಮ ಕಾಗದ ಓದಿದೆ. ಯಾರಿಗೂ ಏನೂ ಆಗಲಿಲ್ಲವಲ್ಲ, ಅದು ದೊಡ್ಡದು. ಮೋಟಾರು ಮೋಟಾಯಿತು ಎಂದು ಬರೆಯಹೊರಟೆ, ಲೇಖನಿಯೇ ಒಪ್ಪಲಿಲ್ಲ.

ಅಕ್ಕನದು ತಪ್ಪಲ್ಲ ಎಂದು ಅವಳಿಗೆ ಹೇಳಿರಿ. ಕಂಪನಿಯ ಪುಸ್ತಿಕೆ ಸ್ಪಷ್ಟವಾಗಿಲ್ಲ. ಇಂಥ ಯಂತ್ರಗಳು ನಮ್ಮ ಕಡೆಯ ಉಪ್ಪುಗಾಳಿಗೆ ಒಗ್ಗುವುದಿಲ್ಲ ಎಂದೂ ಕಾಣುತ್ತದೆ. ನಾಲ್ಕು ದಿನದಲ್ಲಿ ನಾತಾಳದ, ಕ್ರಿಸ್ಮಸ್ಸಿನ ರಜೆ. ಬಂದು ಮಾತಾಡುತ್ತೇನೆ, ಬೀರುವನ್ನೂ ನೋಡುತ್ತೇನೆ. ಅವನಿಗೆ ನಾಲ್ಕು ಒಳ್ಳೆಯ ಮಾತು ಹೇಳಿದರೆ ಸರಿಹೋದೀತು. ಮಾತು ನನಗೆ ಬಿಡಿ.

ರಾಮನಾಥ


ಕಾರವಾರ,
೬ ಜನವರಿ ೧೯೩೭

ಭಾವನವರಿಗೆ,

ನಾನು ಬಂದು ಮೂರು ದಿನ ಇದ್ದು, ಮೂರು ದಿನವೂ ಹವೆಯ ಬಗ್ಗೆ ಮಾತಾಡಿ ತಿರುಗಿ ಬಂದೆನಲ್ಲ, ನಿಮಗೆ ವಿಚಿತ್ರ ಅನಿಸಿರಬೇಕು. ಮಾತು ನನಗೆ ಬಿಡಿ ಎಂದಿದ್ದೆ, ಮಾತೇ ನನ್ನನ್ನು ಬಿಟ್ಟಿತು.

ಮೊದಲು, ನಾನು ಬಂದ ದಿನ ನಿಮಗೆ ಕೇಳಿಸದ ಒಂದು ಸಂಗತಿ. ಬಸ್ಸಿಳಿದು ಅವರ್ಸಾ ದಂಡೆಗೆ ಬಂದಾಗ ಇಳತ ಪೂರ್ತಿ ಇಳಿದಿತ್ತು. ನೀವು ನಿಮ್ಮ ದೋಣಿಯನ್ನು ದೂರ ನೀರಿದ್ದಲ್ಲಿ ನಿಲ್ಲಿಸಿದ್ದಿರಿ. ನಡುವೆ ಮೊಣಕಾಲು ಮಟ್ಟ ಕೆಸರು. ಬೀರು ತನ್ನ ಅಂಗಳದಿಂದ ನನ್ನನ್ನು ಕಂಡು ಇಳಿದು ಬಂದ. ಒಂದು ಮಾತಾಡದೆ, ಹಿಂದೆ ಮಾಡುತ್ತಿದ್ದ ಹಾಗೆಯೇ, ನನ್ನ ಮುಂದೆ ಬೆನ್ನು ಬಗ್ಗಿಸಿ ನಿಂತ. ನಾನು ಮೂವತ್ತೊಂದು ವರ್ಷದ ಗಂಡಸು, ಭಾವ. ಹತ್ತಿಬಿಟ್ಟೆ. ನೀವು ಅದನ್ನು ಪ್ರೀತಿ ಎಂದು ತಿಳಿದು ದೋಣಿಯಲ್ಲಿ ನಿಂತು ನಗುತ್ತಿದ್ದಿರಿ. ನಡುಕೆಸರಿನಲ್ಲಿ ಬೀರು ಮೆಲ್ಲನೆ ಅಂದ: "ಸೋಮೊಡೆಯರಿಗೆ ನೀವಾರೂ ಹೇಳಿ. ಅವ್ರು ನನ್ನ ಕಂಡ್ರೆ ಮುಖ ತಿರುಗಿಸ್ತ್ರು. ತಪ್ಪು ಅವ್ರದ್ದಲ್ಲ."

ಅವನ ಬೆನ್ನ ಮೇಲೆ ಕೂತವನಿಗೆ, ತಪ್ಪು ನನ್ನದು ಎಂದು ಅಲ್ಲಿಯೇ ಅವನ ಕಿವಿಯಲ್ಲಿ ಹೇಳುವುದು ಎಷ್ಟು ಸುಲಭವಿತ್ತು. ಹೇಳಲಿಲ್ಲ.

ಈಗ ಕೇಳಿರಿ. ಆಗಸ್ಟ್ ಹನ್ನೊಂದರಂದು ನಾನು ಕೋಡಿಬಾಗಕ್ಕೆ ಹೋದದ್ದು ನಿಜ, ಹೊಳೆಯ ದಂಡೆಯ ಕಲ್ಲುಗೋಡೆಯವರೆಗೆ. ಕರೆಂಟಿನ ಮೋಟಾರು ಇನ್ನೂ ಬಂದಿಲ್ಲ, ಚಿತ್ರ ಮಾತ್ರ ಇದೆ ಎಂದು ವ್ಯಾಪಾರಿ ಹೇಳಿದ. ಪೆಟ್ರೋಲಿನದನ್ನು ಬೇಕಾದರೆ ಕೂತು ನೋಡಿ ಎಂದ. ದೋಣಿ ಅಲುಗುತ್ತಿತ್ತು, ಹೊಳೆ ಕೆಂಪಾಗಿ ತುಂಬಿತ್ತು. ನನಗೆ ನೀರಿನ ಹೆದರಿಕೆ. ಚಿಕ್ಕಂದಿನಿಂದ ಇದೆ, ಯಾರಿಗೂ ಹೇಳಿಲ್ಲ. ತಾಲೀಮಿಗೆ ಹೊತ್ತಾಯಿತು ಎಂದು ಹೇಳಿ ತಿರುಗಿ ಬಂದೆ. ನಾಟಕದಲ್ಲಿ ನನ್ನದು ಸಮುದ್ರ ಹಾರುವ ಹನುಮಂತನ ಪಾತ್ರ. ಮರುದಿನ ಸಾಯಂಕಾಲ ಕೋಣೆಯಲ್ಲಿ ಕೂತು, ಚಿತ್ರದ ಪುಸ್ತಕ ಮುಂದಿಟ್ಟುಕೊಂಡು, ನಿಮಗೆ ಆ ಕಾಗದ ಬರೆದೆ. ಕರೆಂಟಿನದನ್ನು ಆರಿಸಿದ್ದೇಕೆಂದರೆ ಅದರ ಮೇಲೆ ಹಾಸ್ಯ ಚೆನ್ನಾಗಿ ಕಟ್ಟಲಿಕ್ಕೆ ಬರುತ್ತಿತ್ತು. ಇಷ್ಟೇ ಕಾರಣ. ಬೇರೆ ಇದ್ದಿದ್ದರೆ ಅದನ್ನೂ ಬರೆಯುತ್ತಿದ್ದೆ.

ಎರಡನೆಯದು. ಪುಸ್ತಿಕೆಯಲ್ಲಿ ಯಾವ ನೀರೆಂದು ಸ್ಪಷ್ಟವಾಗಿ ಬರೆದಿದೆ. ಕಾಯಿಸಿ, ಆವಿ ಮಾಡಿ, ಆ ಆವಿಯನ್ನು ತಣಿಸಿ ಇಳಿಸಿದ ನೀರು, ಔಷಧದ ಅಂಗಡಿಯಲ್ಲಿ ಸೀಸೆಯಲ್ಲಿ ಸಿಗುತ್ತದೆ. 'ಅತ್ಯಂತ ಶುದ್ಧ' ಎಂದು ನಾನು ಮುಗಿಸಿಬಿಟ್ಟೆ. ಅಕ್ಕ ಎಳನೀರು ಎಂದು ಬರೆದಾಗಲೂ ಪುಸ್ತಿಕೆ ತೆಗೆದು ನೋಡಲಿಲ್ಲ, ಶಾಭಾಸ್ ಎಂದೆ. ಹುಳಿ ವಾಸನೆ ಎಂದು ಬೊಮ್ಮು ಎಚ್ಚರಿಸಿದಾಗ ಅದನ್ನೂ ನಗೆಯಲ್ಲಿ ತೇಲಿಸಿದೆ. ಅಕ್ಕ ತನಗೆ ಗೊತ್ತಿದ್ದ ಅತ್ಯಂತ ಶುದ್ಧವಾದದ್ದನ್ನೇ ಎರೆದಳು. ಗೊತ್ತಿದ್ದೂ ತಿಳಿಸದವನು ನಾನು.

ನಾನು ದಂಡೆಯ ಮೇಲೆ ಕೂತು ಬರೆದ ಸುಳ್ಳನ್ನು ನಂಬಿ ನೀವು ಬೀರುವಿನ ಕೈಗೆ ಹುಟ್ಟು ಕೊಟ್ಟಿರಿ. ನೀವು ನನ್ನ ಮುಂದೆ ತಲೆ ತಗ್ಗಿಸಿ ಕೂತದ್ದನ್ನು ಮೂರು ದಿನ ನೋಡಿದೆ.

ಇದರೊಳಗೆ ಬೀರುವಿಗೆ ಒಂದು ಕಾಗದ ಇದೆ. ಅವನಿಗೆ ಓದು ಬಾರದು. ನೀವೇ ಅವರ್ಸಾ ದಂಡೆಗೆ ಹೋಗಿ, ಸಂತೆಯ ದಿನ ಹೆಂಗಸರೆಲ್ಲ ಇರುವಾಗ, ಅಕ್ಕನನ್ನೂ ಕರೆದುಕೊಂಡು ಹೋಗಿ, ಗಟ್ಟಿಯಾಗಿ ಓದಿರಿ. ಹಾಡು ಕಟ್ಟುವವರು ಸರಿಯಾದ ಹೆಸರು ಹಾಕಿ ಕಟ್ಟಲಿ.

ರಾಮನಾಥ


(ಒಳಗಿನ ಕಾಗದ)

ಬೀರು,

ಕೂತು ನೋಡಿದವರು ಯಾರು ಎಂದು ನೀನು ಎರಡು ಸಲ ಕೇಳಿದೆ. ಯಾರೂ ಕೂತು ನೋಡಲಿಲ್ಲ. ನಾನು ನೋಡಿದೆನೆಂದು ಸುಳ್ಳು ಬರೆದೆ. ನಿನ್ನ ಕೆಲಸ ಹೋದದ್ದು ಆ ಸುಳ್ಳಿನಿಂದ. ನಾಗಿ ಮತ್ತು ಉಳಿದ ಹತ್ತು ಜನ ಅಳಿವೆಯ ಬಾಯಿಗೆ ಹೋದದ್ದೂ ಅದರಿಂದ. ಸೋಮು ಭಾವ ನನ್ನ ಮಾತು ನಂಬಿದರು, ಅಷ್ಟೇ ಅವರ ತಪ್ಪು. ಇದು ಗೊತ್ತಿದ್ದೂ ನಾನು ನಿನ್ನ ಬೆನ್ನು ಹತ್ತಿದೆ. ನನಗೆ ನಾಚಿಕೆಯಾಗಿದೆ. ಮಾಫಿ ಕೇಳುತ್ತೇನೆ.

ರಾಮನಾಥ


ಬೇಲೆಕೇರಿ,
೧೫ ಜನವರಿ ೧೯೩೭

ಚಿ. ರಾಮನಾಥನಿಗೆ,

ನಿನ್ನ ಕಾಗದದಲ್ಲಿ ನಗೆಮಾತು ಕಡಿಮೆ ಕಂಡು ನಿನ್ನಕ್ಕ ಮೊದಲು ನಿನಗೆ ಜ್ವರ ಬಂದಿದೆ ಎಂದುಕೊಂಡಳು. ಪೂರ್ತಿ ಓದಿ ಮುಗಿಸಿದಾಗ ಒಳಗೆ ಹೋಗಿ ಎರಡು ತುತ್ತು ಹೆಚ್ಚಿಗೆ ಉಂಡಳು. ಆಮೇಲೆ ನಿನ್ನನ್ನು ಬೈದಳು. ಬೈದದ್ದನ್ನು ಬರೆಯುವುದಿಲ್ಲ, ಅಂಚೆಯವರೂ ಓದುತ್ತಾರೆ. ನನಗೂ ಸಿಟ್ಟು ಬಂತು. ಎರಡು ದಿನ ನಿನ್ನ ಹೆಸರು ಎತ್ತಲಿಲ್ಲ. ಮೂರನೆಯ ದಿನ ಯೋಚಿಸಿದೆ: ಇವನು ಬರೆಯದಿದ್ದರೆ ನಾನು ಬೀರುವನ್ನು ಬಿಡಿಸುತ್ತಿರಲಿಲ್ಲವೇ? ಖಂಡಿತವಾಗಿ ಹೇಳಲಾರೆ. ನನ್ನ ಪಾಲನ್ನು ನೀನೊಬ್ಬನೇ ಹೊರುವುದು ಬೇಡ.

ಸಂತೆಯ ದಿನ ನೀನು ಹೇಳಿದ ಹಾಗೆಯೇ ಮಾಡಿದೆ. ಕೆಸರು ದಾಟಿ ಹೋದೆವು, ನಿನ್ನಕ್ಕನೂ ಸೀರೆ ಎತ್ತಿ ಕಟ್ಟಿ ಬಂದಳು. ಬೀರು ಅಂಗಳದಲ್ಲಿ ಬಲೆ ಹೆಣೆಯುತ್ತಿದ್ದ. ನಾನು ನಿಂತುಕೊಂಡೇ ಓದಿದೆ. ನನ್ನನ್ನು ಬಿಟ್ಟು ನಿನ್ನೊಬ್ಬನ ತಪ್ಪು ಬರೆದ ಸಾಲು ಬಂದಾಗ ನಿಲ್ಲಿಸಿ, ಇದು ಸರಿಯಲ್ಲ, ಕೈಗೆ ಕೊಟ್ಟವ ನಾನು ಎಂದು ನನ್ನದನ್ನೂ ಸೇರಿಸಿದೆ. ಹೆಂಗಸರು ಬುಟ್ಟಿ ಇಳಿಸಿ ಕೇಳಿದರು. ಯಾರೂ ನಗಲಿಲ್ಲ.

ಬೀರು ಬಲೆಯಿಂದ ಕಣ್ಣೆತ್ತದೆ ಹೇಳಿದ: "ನಂಗೆ ಗೊತ್ತಿತ್ತು."

ಯಾವಾಗಿನಿಂದ ಎಂದು ಕೇಳಿದೆ.

"ಹೊತ್ತ ದಿವ್ಸ. ಕೆಸರಿನಾಚೆ ನೀರು ಕಂಡದ್ದೇ ಸಣ್ಣೊಡೆಯರು ನನ್ನ ಕುತ್ತಿಗೆ ಬಿಗಿಯಾಗಿ ಹಿಡಿದ್ರು. ಏಳು ವರ್ಷದವ್ರಿದ್ದಾಗ ಹಿಡಿತಿದ್ರಲ್ಲಾ, ಹಾಂಗೇ. ಹಾಂಗೆ ಹಿಡ್ಯೂ ಕೈ ಕಾಳಿ ಹೊಳೇಲಿ ದೋಣಿ ಹತ್ತೂಕೆ ಉಂಟೇ?"

ಆಗ ಹೇಳಬಾರದಿತ್ತೇ ಎಂದೆ. ಬೆನ್ನ ಮೇಲಿದ್ದವರನ್ನು ಕೆಸರಿನಲ್ಲಿ ಇಳಿಸುವುದು ಹೇಗೆ ಎಂದ.

ನಾನು ಹುಟ್ಟಿನ ಮಾತು ತೆಗೆಯಲು ಬಾಯಿ ತೆರೆದೆ. ಅಷ್ಟರಲ್ಲಿ ನಾಗಿ ಒಳಗಿಂದ ಅದನ್ನು ತಂದು ಗಂಡನ ಮುಂದೆ ನೆಲದ ಮೇಲೆ ಇಟ್ಟಳು, ಕೈಗೆ ಕೊಡಲಿಲ್ಲ. ಸಂತೆಗೆ ಹೊತ್ತಾಗುತ್ತದೆ ಎಂದಷ್ಟೇ ಹೇಳಿದಳು. ಬೀರು ಬಲೆಗೆ ಇನ್ನೆರಡು ಗಂಟು ಹಾಕಿದ. ನಾನು ಹೇಳಿದೆ, "ಬೀರು, ಬಲಬದಿ ನನ್ನಿಂದ ಆಗೂದಿಲ್ಲ. ರಟ್ಟೆ ಸೋತಿದೆ." ಈ ಮಾತು ಮಳೆಗಾಲದಲ್ಲಿಯೇ ಹೇಳಬೇಕಿತ್ತು. ಅವನು ಎದ್ದ. ಹುಟ್ಟು ಎತ್ತಿಕೊಂಡು ನನ್ನ ಮುಂದೆ ದೋಣಿಗೆ ಹೋಗಿ, ಬಲಬದಿಗೆ ಕೂತ. ಅಟ್ಟದಿಂದ ಇಳಿಸಿ ತಂದಿದ್ದ ನನ್ನ ಹುಟ್ಟಿನೊಂದಿಗೆ ನನ್ನನ್ನು ಎಡಕ್ಕೆ ಕೂರಿಸಿದ. ಈಗ ಮೆಲ್ಲಗೆ ಹಾಕುವುದಿಲ್ಲ, ಪೂರಾ ಜೋರಿನಲ್ಲಿ ಹಾಕುತ್ತಾನೆ. ದೋಣಿ ಮೂತಿ ತಿರುಗಿಸಿದರೆ ಎಲ್ಲರೆದುರಿಗೇ ನನ್ನನ್ನು ಗದರುತ್ತಾನೆ. ನನಗೆ ಅದು ಹಿತವಾಗಿದೆ.

ಮೋಟಾರನ್ನು ಬಿಚ್ಚಿ ಅಟ್ಟಕ್ಕೆ ಹಾಕಿದೆ. ಖಾಲಿಯಾದ ಬ್ಯಾಟರಿ ಪೆಟ್ಟಿಗೆಯ ಮೇಲೆ ಹೆಂಗಸರು ಬುಟ್ಟಿ ಇಡುತ್ತಾರೆ. ಹಾಡಿಗೆ ನಡು ಹೊಳೆಯಲ್ಲೇ ಹೊಸ ಸಾಲು ಸೇರಿತು. ನೀನೇ ಕೇಳಿದ್ದರಿಂದ ಬರೆಯುತ್ತೇನೆ:

ದಂಡೇಲಿ ಕೂತವ ದೋಣೀಲಿ ಕೂತೆನೆಂದ
ಧೋತರದ ಅಂಚು ಹಸಿಯಿಲ್ಲ ತಂಗಿ

ನಿನ್ನ ಮಾಫಿಗೆ ಬೀರು ಏನು ಹೇಳಿದ ಎಂದು ಕಾಯುತ್ತಿರುವೆಯಲ್ಲ. ಈಚೆ ದಂಡೆ ಮುಟ್ಟಿದ ಮೇಲೆ ಹೇಳಿದ: "ಸಣ್ಣೊಡೆಯರಿಗೆ ಬರೂಕೆ ಬರೀರಿ. ಇನ್ನು ಹೊತ್ತು ತರೂದಿಲ್ಲ. ಎಡಬದಿಗೆ ಕೂತು ಒಂದು ಸಲ ಹುಟ್ಟು ಹಾಕ್ಲಿ, ಆಮೇಲೆ ನೋಡ್ವಾ."

ಸೋಮು


ಕಾರವಾರ,
೧೮ ಜನವರಿ ೧೯೩೭

ಭಾವನವರಿಗೆ,

ಶನಿವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ. ಆ ಹೊತ್ತಿಗೆ ಇಳತ ಇರುತ್ತದೆ ಎಂದು ಪಂಚಾಂಗ ನೋಡಿ ತಿಳಿದುಕೊಂಡಿದ್ದೇನೆ. ಇರಲಿ. ಕೆಸರಿನಲ್ಲಿ ನಾನೇ ನಡೆದು ಬರುತ್ತೇನೆ, ಬೀರು ದಂಡೆಗೆ ಇಳಿಯುವುದು ಬೇಡ, ದೋಣಿಯಲ್ಲೇ ಕೂತಿರಲಿ.

ನೀರಿನ ಹೆದರಿಕೆ ಹೋಗಿಲ್ಲ, ಈಗಲೇ ಹೇಳಿಬಿಡುತ್ತೇನೆ. ನಾಗಿ ಮತ್ತು ಉಳಿದವರು ನೋಡಲಿ, ಹಾಡಲಿ.

ಎಡಬದಿಯ ಹುಟ್ಟನ್ನು ದೋಣಿಯಲ್ಲಿ ಇಡಿರಿ. ಕೈಗೆ ಕೊಡಬೇಡಿ. ನಾನೇ ಎತ್ತಿಕೊಳ್ಳುತ್ತೇನೆ.

ರಾಮನಾಥ